ಅಲ್ಪವ್ಯಯದ ಚಲಚ್ಚಿತ್ರ: ಸಾಮಗ್ರಿಯೂ ಔಚಿತ್ಯವೂ

ಕಾವ್ಯ ರಚಿಸಲು ಹೊರಟವನು ಮೊದಲು ಬೆಳ್ಳಿಯ ಲೇಖನಿಯನ್ನು ಕೊಳ್ಳಬೇಕೆಂದು ನಮ್ಮ ಲಾಕ್ಷಣಿಕರಲ್ಲಿ ಯಾರೂ ಹೇಳಿಲ್ಲ. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನೇ ಅವರು ಕಾವ್ಯಕ್ಕೆ ಕಾರಣಗಳೆಂದು ಎಣಿಸಿದರು. ಆದರೆ ಕಿರುಚಿತ್ರ ತೆಗೆಯಬೇಕೆಂಬ ಹಂಬಲ ಹುಟ್ಟಿದ ನಮ್ಮ ವಿದ್ಯಾರ್ಥಿಯು ಕೇಳುವ ಮೊದಲ ಪ್ರಶ್ನೆ 'ಯಾವ ಕ್ಯಾಮರಾ ಕೊಳ್ಳಬೇಕು?' ಎಂಬುದೇ ಆಗಿರುತ್ತದೆ. ಕಬ್ಬಿನ ಬಿಲ್ಲು ಕೈಗೆ ಬಂದೊಡನೆ ಕ್ಯಾಮರಾ ಕೊಡಿಸುವುದಾಗಿ ಮಗನಿಗೆ ಮಾತು ಕೊಟ್ಟ ತಂದೆಯರನ್ನು ನಾನು ಬಲ್ಲೆ. ಕೊಡಿಸಲಾರದ ತಂದೆಯರನ್ನಂತೂ ಅವರಿಗಿಂತ ಹೆಚ್ಚಾಗಿ ಬಲ್ಲೆ. ಇವರ ಮಕ್ಕಳು ತಮಗೆ ಈ ಕಲೆ ಒದಗುವಂಥದಲ್ಲವೆಂದು ಸುಮ್ಮನಾಗುತ್ತಾರೆ. ಇದು ಅನ್ಯಾಯವಷ್ಟೇ ಅಲ್ಲ, ಅನಾವಶ್ಯಕವೂ ಹೌದು ಎಂಬುದೇ ಈ ಲೇಖನದ ಪ್ರತಿಪಾದನೆ.

ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೇಳುವವರು ಉಂಟು. ಮಕ್ಕಳ ಚಿತ್ರಗಳ ಸಂಭಾಷಣೆಯನ್ನು ತಿದ್ದುವ ಕೆಲಸ ನನಗೆ ಬರುತ್ತದೆ. ಸ್ಪರ್ಧೆಗಳಲ್ಲಿ ತೀರ್ಪುಗಾರರ ಸಾಲಿನಲ್ಲಿಯೂ ಕೂರಿಸುತ್ತಾರೆ. ಹಾಗೆ ನೋಡಿದ ಚಿತ್ರಗಳಲ್ಲಿ ದೃಶ್ಯ ಮಸುಕಾದುದರಿಂದ ಕೆಟ್ಟವು ಬಹಳ ಕಡಿಮೆ. ಮಾತು ಕೇಳಿಸದೆ ಕೆಟ್ಟವೇ ಹೆಚ್ಚು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ವರ್ಷವಿಡೀ ಕಲಿಸಿದ ಮೇಲೂ, ಬರಿಯ ಪ್ರತಿಧ್ವನಿಯಲ್ಲಿ ಅದೆಲ್ಲ ಕೊಚ್ಚಿ ಹೋಗುವುದನ್ನು ಕೇಳಬೇಕಾಗುತ್ತದೆ.

ಆದುದರಿಂದ ಧ್ವನಿಯ ಮಾತನ್ನೇ ಮೊದಲು ಆಡುತ್ತೇನೆ. ಎಂಟು ಅಡಿ ದೂರದಲ್ಲಿ ಹಿಡಿದ ಮೊಬೈಲು ನಟನ ಮಾತಿನ ಜೊತೆಗೆ ಗೋಡೆಗೆ ತಾಗಿ ಮರಳಿದ ಮಾತನ್ನೂ ಗ್ರಹಿಸುತ್ತದೆ. ಮೂಲದಿಂದ ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು ಭೌತಶಾಸ್ತ್ರದ ನಿಯಮ. ಆದರೆ ಕೊಠಡಿಯ ಪ್ರತಿಧ್ವನಿ ಹಾಗೆ ಇಳಿಯುವುದಿಲ್ಲ. ಆದ್ದರಿಂದ ದೂರ ಸರಿದಷ್ಟೂ ಮಾತು ಸೋಲುತ್ತದೆ, ಗೋಡೆ ಗೆಲ್ಲುತ್ತದೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಒಂದಿದ್ದರೆ ಈ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಅದೂ ಇಲ್ಲದಿದ್ದಲ್ಲಿ ಎರಡನೆಯ ಮೊಬೈಲೊಂದನ್ನು ನಟನ ಜೇಬಿನಲ್ಲಿಯೋ, ಚೌಕಟ್ಟಿಗೆ ಬೀಳದಂತೆ ಮೇಜಿನ ಮೇಲಿನ ಪುಸ್ತಕದ ಮರೆಯಲ್ಲಿಯೋ ಇಟ್ಟು ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸಬಹುದು. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ, ಆಮೇಲೆ ದೃಶ್ಯದ ಚಪ್ಪಾಳೆಯನ್ನೂ ಶಬ್ದದ ಚಪ್ಪಾಳೆಯನ್ನೂ ಸರಿಗೂಡಿಸಿ ಎರಡನ್ನು ಬೆಸೆಯುವುದು ಸುಲಭ. ಬರಿಗೋಡೆಯ ಕೊಠಡಿಯಾದರೆ ಕ್ಯಾಮರಾದ ಹಿಂದೆ ಎರಡು ಕಂಬಳಿಗಳನ್ನು ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿರಿ. ಕಂಬಳಿ ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಇರಲಾರದು. ಚಿತ್ರೀಕರಣ ಮುಗಿದ ಮೇಲೆ ಯಾರೂ ಮಾತಾಡದೆ ಅರ್ಧ ನಿಮಿಷ ಆ ಸ್ಥಳದ ಮೌನವನ್ನೂ ಮುದ್ರಿಸಿಕೊಳ್ಳಬೇಕು. ಮಾತು ಮಾತಿನ ನಡುವಿನ ಬಿರುಕನ್ನು ಮುಚ್ಚಲು ಅದು ಬೇಕಾಗುತ್ತದೆ.

ಧ್ವನಿಯನ್ನು ಪ್ರತ್ಯೇಕವಾಗಿ ಹಿಡಿಯುವುದು ಬಡವರ ಕೈಗೆ ಸಿಕ್ಕ ಕೀಳು ಉಪಾಯವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ರಾಬರ್ಟ್ ರಾಡ್ರಿಗಸ್ ೧೯೯೨ರಲ್ಲಿ ತೆರೆಗೆ ತಂದ 'ಎಲ್ ಮರಿಯಾಚಿ' ಚಿತ್ರವನ್ನು ಸುಮಾರು ೭,೦೦೦ ಡಾಲರುಗಳಲ್ಲಿ ತೆಗೆದರು. ಎರವಲು ತಂದ ಕ್ಯಾಮರಾ ಗರಗರ ಸದ್ದು ಮಾಡುತ್ತಿದ್ದುದರಿಂದ, ದೃಶ್ಯ ಮುಗಿದೊಡನೆ ನಟರಿಂದ ಅದೇ ಮಾತುಗಳನ್ನು ಮತ್ತೆ ಹೇಳಿಸಿ ಮುದ್ರಿಸಿಕೊಂಡರು. ಕ್ಯಾಮರಾ ಚಲಿಸಬೇಕಾದಲ್ಲಿ ರೋಗಿಗಳ ಗಾಲಿಕುರ್ಚಿಯಲ್ಲಿ ಕುಳಿತು ತಳ್ಳಿಸಿಕೊಂಡರು. ಬಿಡುಗಡೆಗೆ ಮುನ್ನ ದೊಡ್ಡ ಸಂಸ್ಥೆಯೊಂದು ಅದಕ್ಕೆ ಮೂಲವ್ಯಯದ ಅನೇಕ ಪಟ್ಟು ಹಣ ಸುರಿಯಿತೆಂಬುದನ್ನೂ ಹೇಳದಿದ್ದರೆ ಸತ್ಯಕ್ಕೆ ಕೊರತೆಯಾದೀತು. ಆದರೆ ಆ ಹಣ ಬಂದುದು ಚಿತ್ರ ಸಿದ್ಧವಾಗಿ ಮೆಚ್ಚುಗೆ ಪಡೆದ ಮೇಲೆಯೇ. ಸೀನ್ ಬೇಕರರ 'ಟ್ಯಾಂಜರೀನ್' (೨೦೧೫) ಚಿತ್ರವಂತೂ ಐಫೋನ್ ೫ಎಸ್ ಎಂಬ ಮೊಬೈಲಿನಲ್ಲಿಯೇ ತೆಗೆದದ್ದು.

ಇನ್ನು ಬೆಳಕು. ಇಲ್ಲಿ ನಮ್ಮ ನಾಡಿನವರೇ ಗುರುಗಳಾಗಿದ್ದಾರೆ. ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು (೧೯೨೩–೨೦೧೪) ೧೯೫೯ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಮೇಲಿನಿಂದ ಇಳಿಯುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಸಾಧಿಸಿದ್ದು ದೊಡ್ಡ ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ತಿರುಗಿಸಿ ಸ್ಟುಡಿಯೋದ ಒಳಕ್ಕೆ ತಂದರು. ವಂಗದೇಶದ ಸುಬ್ರತ ಮಿತ್ರರು ಸತ್ಯಜಿತ್ ರಾಯರ 'ಅಪರಾಜಿತೋ' (೧೯೫೬) ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವೊಂದನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳ ಮುಖವನ್ನು ಅದರತ್ತ ತಿರುಗಿಸಿ, ಮರಳಿ ಬಿದ್ದ ಮೃದುವಾದ ಬೆಳಕಿನಲ್ಲಿ ಚಿತ್ರೀಕರಿಸಿದರು. ಹಗಲಿನ ಆಕಾಶದಿಂದ ತೊಟ್ಟಿಗೆ ಇಳಿಯುವ ಬೆಳಕೇ ಅದು. ನಮ್ಮ ತೊಟ್ಟಿಮನೆಗಳಲ್ಲಿ ಅದು ಬಿಟ್ಟಿಯಾಗಿಯೇ ದೊರೆಯುತ್ತದೆ!

ಕನ್ನಡಿ ಮತ್ತು ಬಿಳಿ ಪಂಚೆ: ಇವೆರಡಕ್ಕೆ ಎಷ್ಟು ವೆಚ್ಚವಾದೀತು? ಪಂಚೆಯ ಬದಲು ಥರ್ಮಾಕೋಲ್ ಹಲಗೆಯೂ ಆದೀತು. ಮುಖದ ಒಂದು ಮಗ್ಗುಲಿಗೆ ಕಿಟಕಿಯ ಬೆಳಕು, ಮತ್ತೊಂದು ಮಗ್ಗುಲಿಗೆ ಆ ಹಲಗೆ. ಬೇಕಾದ ಮುಖಭಾವವೆಲ್ಲ ಇಷ್ಟರಲ್ಲಿ ಕಾಣುತ್ತದೆ. ವಿದ್ಯುದ್ದೀಪದ ಕೆಳಗೆ ಚಿತ್ರೀಕರಿಸುವಾಗ ಅಲೆಯಲೆಯಾಗಿ ಕಪ್ಪು ಪಟ್ಟೆಗಳು ಹರಿಯುವುದನ್ನು ಅನೇಕರು ಮೊಬೈಲಿನ ದೋಷವೆಂದು ಭಾವಿಸುತ್ತಾರೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನಗಳದು. ಸೆಕೆಂಡಿಗೆ ೨೫ ಚಿತ್ರಗಳಂತೆ, ೧/೫೦ ಸೆಕೆಂಡಿನ ಷಟರ್ ವೇಗದಲ್ಲಿ ತೆಗೆದರೆ ಪಟ್ಟೆಗಳು ಸಾಮಾನ್ಯವಾಗಿ ಅಡಗುತ್ತವೆ.

ಈಗ ಮಕ್ಕಳಿಗೆ ಅತ್ಯಂತ ಪ್ರಿಯವಾದ ಮಾಯಾದೃಶ್ಯಗಳ ವಿಚಾರ. ಇದು ಪಾಶ್ಚಾತ್ಯರಿಂದ ಬಂದ ಹೊಸ ವಿದ್ಯೆಯೆಂಬ ಭಾವನೆ ಹಲವರಲ್ಲಿದೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯವನ್ನು ವಿವರಿಸುವೆಡೆ 'ಪುಸ್ತ'ವೆಂಬುದೊಂದು ವಿಭಾಗವಿದೆ. ಬೆಟ್ಟ, ವಾಹನ, ವಿಮಾನ ಮೊದಲಾದವುಗಳ ಪ್ರತಿಕೃತಿಯನ್ನು ರಂಗಕ್ಕೆ ತರುವ ಶಾಸ್ತ್ರವದು. ಚಾಪೆ, ಬಟ್ಟೆ, ತೊಗಲುಗಳನ್ನು ಜೋಡಿಸಿ ಮಾಡಿದ್ದು ಸಂಧಿಮ. ಯಂತ್ರದ ಸಹಾಯದಿಂದ ಆಡುವುದು ವ್ಯಾಜಿಮ. ಸುತ್ತಿ ಮಾಡಿದ್ದು ವೇಷ್ಟಿಮ. ಇಷ್ಟೇ ಅಲ್ಲ, ಕಬ್ಬಿಣದಂತಹ ಭಾರವಾದ ವಸ್ತುಗಳನ್ನು ರಂಗದಲ್ಲಿ ಬಳಸಬಾರದು, ನಟನಿಗೆ ಆಯಾಸವಾಗುತ್ತದೆ, ಹಗುರವಾದ ಮರ, ಬಟ್ಟೆ, ಅರಗು, ಬಿದಿರುಗಳೇ ಸಾಕು ಎಂದೂ ಅಲ್ಲಿ ವಿಧಿಸಿದೆ. ಅಲ್ಪವ್ಯಯದ ತಂತ್ರಕ್ಕೆ ಇದಕ್ಕಿಂತ ಹಳೆಯ ಪ್ರಮಾಣ ಬೇಕೆ?

ಚಲಚ್ಚಿತ್ರದ ಆದಿಪುರುಷರೂ ಇದೇ ಹಾದಿಯಲ್ಲಿ ನಡೆದರು. ಫ್ರಾನ್ಸಿನ ಜಾರ್ಜ್ ಮೆಲಿಯೆ ೧೯೦೨ರಲ್ಲಿ ಚಂದ್ರಲೋಕದ ಯಾತ್ರೆಯನ್ನು ಚಿತ್ರಿಸಿದ್ದು ಬಣ್ಣದ ಪರದೆ, ಮರದ ಹಲಗೆ, ಹೊಗೆಗಳಿಂದ. ಅವರ ಮುಖ್ಯ ತಂತ್ರ ಬಹು ಸರಳ: ಕ್ಯಾಮರಾವನ್ನು ಅಲುಗಿಸದೆ ನಿಲ್ಲಿಸಿ, ವಸ್ತುವನ್ನು ತೆಗೆದು, ಮತ್ತೆ ಓಡಿಸುವುದು. ನೋಡುವವನಿಗೆ ವಸ್ತು ಮಾಯವಾಗುತ್ತದೆ. ನಮ್ಮ ದಾದಾಸಾಹೇಬ್ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ'ಕ್ಕೆ (೧೯೧೩) ಮೊದಲು ಬಟಾಣಿಯ ಬೀಜ ಮೊಳೆತು ಗಿಡವಾಗುವುದನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಚಿತ್ರೀಕರಿಸಿ, ಕೆಲವೇ ಕ್ಷಣಗಳಲ್ಲಿ ಬೆಳೆದಂತೆ ತೋರಿಸಿದರು. ಆ ಪುಟ್ಟ ಚಿತ್ರವನ್ನು ತೋರಿಸಿಯೇ ಹಣ ಹೊಂದಿಸಿದರು. ಒಂದು ಕುಂಡ, ಒಂದು ಬೀಜ, ಕದಲದ ಮುಕ್ಕಾಲಿ. ನಮ್ಮ ಶಾಲೆಗಳಲ್ಲಿ ಇವು ಮೂರೂ ದೊರೆಯುವುವಷ್ಟೆ, ದೊರೆಯದಿರುವುದು ತಾಳ್ಮೆಯೊಂದೇ.

ದ್ವಿಪಾತ್ರದ ವಿಚಾರದಲ್ಲಿ ಮಕ್ಕಳು ಬಹಳ ತಪ್ಪುತ್ತಾರೆ. ಹಿಂದೆ ಮಸೂರದ ಅರ್ಧವನ್ನು ಮುಚ್ಚಿ, ರೀಲನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ತೆಗೆಯುತ್ತಿದ್ದರು. ಈಗ ಆ ಕಷ್ಟವಿಲ್ಲ. ಎರಡು ಬಾರಿ ತೆಗೆದು, ಸಂಕಲನದಲ್ಲಿ ನಡುವೆ ಸೀಳಿ ಜೋಡಿಸಿದರಾಯಿತು. ಆದರೆ ಮುಕ್ಕಾಲಿ ಕೂದಲೆಳೆಯಷ್ಟೂ ಸರಿಯಬಾರದು. ಮೊಬೈಲಿನ ತೆರೆಯನ್ನು ಒತ್ತಿಹಿಡಿದು ಬೆಳಕಿನ ಪ್ರಮಾಣವನ್ನೂ ನೋಟದ ಬಿಂದುವನ್ನೂ ಬಂಧಿಸಬೇಕು. ಸೀಳುವ ಗೆರೆ ಕಂಬದ ಅಂಚಿನಲ್ಲಿಯೋ ಬಾಗಿಲ ಚೌಕಟ್ಟಿನಲ್ಲಿಯೋ ಬಂದರೆ ಕಣ್ಣಿಗೆ ಸಿಕ್ಕದು. ಮೋಡ ಆಡುವ ದಿನ ಕಿಟಕಿಯ ಬಳಿ ಈ ಸಾಹಸ ಬೇಡ.

ಆಟಿಕೆಯ ಮನೆ ಉರುಳಿದರೆ ಆಟಿಕೆಯಂತೆಯೇ ಕಾಣುವುದೇಕೆ? ಚಿಕ್ಕದು ಬೇಗ ಬೀಳುತ್ತದೆ. ಅದೇ ಗುಟ್ಟನ್ನು ಒಡೆಯುತ್ತದೆ. ಅಳತೆಯ ವರ್ಗಮೂಲದಷ್ಟು ಪಟ್ಟು ಚಲನೆಯನ್ನು ನಿಧಾನಿಸಬೇಕೆಂಬುದು ಪಳಗಿದವರ ಸೂತ್ರ. ನಿಜವಸ್ತುವಿನ ಹದಿನಾರರಲ್ಲೊಂದು ಪಾಲಿನ ಪ್ರತಿಕೃತಿಯಾದರೆ ನಾಲ್ಕು ಪಟ್ಟು: ಸೆಕೆಂಡಿಗೆ ೧೨೦ರಂತೆ ತೆಗೆದು ೩೦ರಂತೆ ತೋರಿಸುವುದು. ಇಂದಿನ ಅನೇಕ ಮೊಬೈಲುಗಳಲ್ಲಿ ಇದಕ್ಕೆ ಅವಕಾಶವಿದೆ. ನೀರು ಮಾತ್ರ ಈ ಸೂತ್ರಕ್ಕೆ ಒಗ್ಗದು, ಹನಿಯನ್ನು ಕುಗ್ಗಿಸಲು ಯಾರಿಗೂ ಬಾರದು. ಆದ್ದರಿಂದ ಬೋಗುಣಿಯಲ್ಲಿ ಸಮುದ್ರವನ್ನು ತೋರಿಸುವ ಆಸೆಯನ್ನು ಬಿಡಬೇಕು.

ಹಸುರು ಪರದೆಯ ವ್ಯಾಮೋಹ ಇಂದು ಮಿತಿಮೀರಿದೆ. ಹಿಂದೆ ಹಸುರು ಬಟ್ಟೆ ಕಟ್ಟಿ, ಅದರ ಜಾಗದಲ್ಲಿ ಬೇರೆ ದೃಶ್ಯವನ್ನು ತುಂಬುವ ಉಪಾಯವದು. ಮಾನವನ ಮೈಬಣ್ಣದಿಂದ ಹಸುರು ದೂರವಾದುದು. ಕ್ಯಾಮರಾದ ಗ್ರಾಹಕ ಫಲಕದಲ್ಲಿಯೂ ಸಾಮಾನ್ಯವಾಗಿ ನಾಲ್ಕರಲ್ಲಿ ಎರಡು ಬಿಂದುಗಳು ಹಸುರಿಗೆ ಮೀಸಲು. ಆದುದರಿಂದ ಆ ಬಣ್ಣ. ಆದರೆ ಬಟ್ಟೆಯಲ್ಲಿ ಸುಕ್ಕಿರಬಾರದು, ನಟ ಅದಕ್ಕೆ ಆರೆಂಟು ಅಡಿ ಮುಂದಿರಬೇಕು, ಬಟ್ಟೆಗೆ ಸಮನಾದ ಪ್ರತ್ಯೇಕ ಬೆಳಕಿರಬೇಕು. ಇಷ್ಟನ್ನೂ ಮಾಡಿ ನಮ್ಮ ಹುಡುಗರು ಹಿಂದೆ ಇಡುವುದು ಸ್ವಿಟ್ಜರ್ಲೆಂಡಿನ ಬೆಟ್ಟವನ್ನು! ಪಾತ್ರ ಮಾತಾಡುವುದು ಸಂತೆಗೆ ಎಮ್ಮೆ ಮಾರಲು ಹೋದ ಕಥೆಯನ್ನು. ಇದು ಕ್ಷೇಮೇಂದ್ರನು ಹೇಳುವ ಅನೌಚಿತ್ಯಕ್ಕೆ ತಕ್ಕ ಉದಾಹರಣೆ. ಸಂತೆ ಊರಲ್ಲಿಯೇ ಇದೆ, ಹೋಗಿ ತೆಗೆಯಬಾರದೆ?

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ನಾಟ್ಯಧರ್ಮಿಯೆಂದರೆ ನೋಡುವವನೂ ಒಪ್ಪಿ ಪಾಲುಗೊಳ್ಳುವ ಕಲ್ಪನೆ. ೧೯೫೭ರ 'ಮಾಯಾಬಜಾರ್' ಚಿತ್ರದಲ್ಲಿ ಮಾರ್ಕಸ್ ಬಾರ್ಟ್ಲಿಯವರ ಕ್ಯಾಮರಾ ತೋರಿದ ಘಟೋತ್ಕಚನ ಭೋಜನವನ್ನು ಯಾರೂ ವರದಿಯೆಂದು ನಂಬಲಿಲ್ಲ, ನಂಬಿಸಲೂ ಇಲ್ಲ. ಇಂದು ಯಂತ್ರಬುದ್ಧಿಯಿಂದ ಒಬ್ಬರ ಮುಖವನ್ನು ಮತ್ತೊಬ್ಬರ ದೇಹಕ್ಕೆ ಅಂಟಿಸಿ, ನಿಜವೆಂದೇ ಹಂಚುವುದು ಬಿಡುವಿನ ಆಟವಾಗಿದೆ. ಅದು ವ್ಯಾಜಿಮವಲ್ಲ, ವಂಚನೆ. ಸಹಪಾಠಿಯ ಮುಖದೊಂದಿಗೆ ಹಾಗೆ ಆಡಿದ ವಿದ್ಯಾರ್ಥಿಯನ್ನು ತಂತ್ರಜ್ಞನೆಂದು ಹೊಗಳುವ ಹಿರಿಯರೂ ಇದ್ದಾರೆ. ನಾನು ಆ ಗುಂಪಿಗೆ ಸೇರಲಾರೆ.

ಶಾಲೆಗಳು ಮಾಡಬೇಕಾದ್ದೇನು? ನಾನು ಕಂಡ ಒಂದು ವಿದ್ಯಾಸಂಸ್ಥೆಯಲ್ಲಿ ಬೆಲೆಬಾಳುವ ಕ್ಯಾಮರಾ ಒಂದು ಬೀರುವಿನಲ್ಲಿದೆ. ಬೀರುವಿಗೆ ಬೀಗವಿದೆ. ಬೀಗದ ಕೈ ಒಬ್ಬರಲ್ಲಿದೆ, ಅವರು ವಾರ್ಷಿಕೋತ್ಸವದ ದಿನ ಬರುತ್ತಾರೆ. ಅದೇ ಹಣದಲ್ಲಿ ಹತ್ತಾರು ಕಾಲರ್ ಮೈಕುಗಳೂ ನಾಲ್ಕಾರು ಮುಕ್ಕಾಲಿಗಳೂ ಬರುತ್ತಿದ್ದವು. ಮೊಬೈಲುಗಳು ಮನೆಗಳಲ್ಲಿಯೇ ಇವೆ. ಸಂಕಲನಕ್ಕೆ ಕೆಡಿಎನ್‌ಲೈವ್, ಧ್ವನಿಗೆ ಆಡಾಸಿಟಿ, ಮಾಯಾದೃಶ್ಯಕ್ಕೆ ಬ್ಲೆಂಡರ್ ಎಂಬ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಶಾಲೆಯ ಗಣಕಯಂತ್ರದಲ್ಲಿ ಅವನ್ನು ಸ್ಥಾಪಿಸಲು ಯಾರ ಅಪ್ಪಣೆಗೂ ಹಣ ತೆರಬೇಕಾಗಿಲ್ಲ. ಮುಂದಿನ ವರ್ಷದ ಸ್ಪರ್ಧೆಗೆ ನನ್ನದೊಂದು ಸೂಚನೆಯಿದೆ: ಚಿತ್ರ ಮೂರು ನಿಮಿಷ ಮೀರಬಾರದು, ಅದಕ್ಕಾಗಿ ಹೊಸದಾಗಿ ಏನನ್ನೂ ಕೊಂಡಿರಬಾರದು, ಮತ್ತು ತೀರ್ಪುಗಾರರು ಪ್ರತಿಯೊಂದು ಚಿತ್ರವನ್ನೂ ಮೊದಲು ತೆರೆಗೆ ಬಟ್ಟೆ ಮುಚ್ಚಿ ಕೇಳಬೇಕು, ಆಮೇಲೆ ಧ್ವನಿ ನಿಲ್ಲಿಸಿ ನೋಡಬೇಕು, ಅನಂತರವೇ ಎರಡನ್ನೂ ಕೂಡಿಸಿ ಅಂಕ ಕೊಡಬೇಕು.