ದೌತಿ ತಿಕ್ಕಬ್ಯಾಡ್ರಿ

ಹೋದ ತಿಂಗಳ ನಮ್ಮ ಹಳ್ಳಿ ಮನಿ ಪಾಲಾತು, ನಿಮಗ ಗೊತ್ತೇ ಅದ. ಹಂಡೆ, ಕೊಡ, ಗಂಗಾಳ ಎಲ್ಲಾ ಹಂಚಿಕೊಂಡ ಮ್ಯಾಲೆ ಅಟ್ಟದಾಗ ಯಾರಿಗೂ ಬ್ಯಾಡಾದ ಸಾಮಾನು ಒಂದಿಷ್ಟು ಉಳೀತು. ಇಳಿಜಾರು ಮುಚ್ಚಳದ ಗಿಡ್ಡ ಡೆಸ್ಕು, ಅದರೊಳಗ ಎರಡು ದೌತಿ, ನಾಲ್ಕೈದು ಟಾಕು, ಒಂದು ಬ್ಲಾಟರು, ಅರಗಿನ ತುಂಡು. "ಮೋಡಕಾದವಗ ಹಾಕಿಬಿಡೋಣ್ರಿ" ಅಂದ್ರು ನಮ್ಮ ನೆಗೆಣ್ಣಿ. ಅವರ ಮಗಾ ಫೋಟೋ ತಗದು ಯಾರಿಗೋ ಕಳಿಸಿದ. ಮರುದಿನಾನ ಹಳೇ ಸಾಮಾನು ಕೊಳ್ಳಾಂವ ಒಬ್ಬಾಂವ ಬಂದು, "ಹಿತ್ತಾಳಿ ದೌತಿ ಅಷ್ಟ ಕೊಡ್ರಿ, ಉಳದದ್ದು ನೀವ ಇಟಗೋರಿ" ಅಂದ. ನಂಗ ಅಲ್ಲೇ ಸಿಟ್ಟು ಬಂತು.

ಹಳೇ ದೌತಿ ಕೂಡಿಡೋದು ಈಗ ಭಾಳ ಮಂದಿಗೆ ಹವ್ಯಾಸ ಆಗೇದ. ಆಗಲಿ, ಛಂದನ ಅದ. ಆದ್ರ ಒಬ್ಬರ ಮನಿ ಡೆಸ್ಕಿನಿಂದ ದೌತಿ ಕಿತಗೊಂಡು ಫಳಫಳ ತಿಕ್ಕಿ ಶೋಕೇಸಿನಾಗ ಇಡೋದು ನಂಗ ಸೇರೂದಿಲ್ಲ. ಹಿಂಗ ಅನ್ನಲಿಕ್ಕೆ ಕಾರಣ ಅದ. ಆ ತಪ್ಪು ಮೊದಲ ಮಾಡಿದಾಕಿ ನಾನ.

ಲಗ್ನಾಗಿ ಬಂದ ಹೊಸತು. ದೀಪಾವಳಿಗೆ ಲಕ್ಷ್ಮೀಪೂಜಿ ದಿವಸ ಖಾತೆ-ಕಿರ್ದಿ ಜೋಡಿ ದೌತಿನೂ ಪೂಜಿಗೆ ಇಡ್ತಿದ್ರು. ಕರ್ರಗಾದ ದೌತಿ ದೇವರ ಮುಂದ ಹ್ಯಾಂಗ ಇಡೋದು ಅಂತ ನಾ ಶ್ಯಾಣೇರಾಕಿ ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕಿದೆ. ಒಳಗ ಒಂದು ಅರಿವಿ ಚೂರು ಗಟ್ಟ್ಯಾಗಿ ಕೂತಿತ್ತು, ಹೊಲಸು ಅಂತ ಅದನ್ನೂ ಕಿತ್ತಿ ಒಗದೆ. ಬಚ್ಚಲದಾಗ ಕರೀ ನೀರು ಹರದೇ ಹರೀತು. ಬಂಗಾರಧಂಗ ಹೊಳಿಯೋ ದೌತಿ ತಂದು ಇಟ್ಟೆ. ಅತ್ತಿಯವರು ಒಳಗ ಬಟ್ಟು ಹಾಕಿ ನೋಡಿದ್ರು. "ಅರಿವಿ ಎಲ್ಲೆ?" ಅಂತ ಇಷ್ಟ ಕೇಳಿದ್ರು. ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಆ ಅರಿವಿ ಯಾಕ ಇರ್ತದ ಅಂತ ಆಮ್ಯಾಲೆ ತಿಳೀತು. ಮಸಿ ಅದರಾಗ ಹಿಂಗಿ ಕೂಡ್ತದ. ದೌತಿ ಉರುಳಿದ್ರೂ ಚಲ್ಲೂದಿಲ್ಲ, ಟಾಕಿಗೂ ಎಷ್ಟು ಬೇಕೋ ಅಷ್ಟ ಹತ್ತತದ. ದೀಪದ ಕಾಡಿಗಿಗೆ ಗೋಂದು ಕಲಿಸಿ ಮಾಡಿದ ಮಸಿ ಒಣಗಿದ್ರೂ ನೀರು ತಾಕಿಸಿದ್ರ ಮತ್ತ ಕರಗತದ. ಅದಕ್ಕ ಬಚ್ಚಲ ತುಂಬ ಕರೀ ನೀರು!

ನಮ್ಮ ಅಜ್ಜಮಾವನೋರು ಊರ ಕುಲಕರ್ಣಿ. ಆ ಡೆಸ್ಕು ಗಂಡಸರ ಸಾಮಾನು, ಹೆಂಗಸರು ಧೂಳಾ ಒರಸಲಿಕ್ಕೆ ಅಷ್ಟ ಮುಟ್ಟಬೇಕು. ಮುಂಬಯಿ ರಾಜ್ಯದೊಳಗ 1950ರ ಕಾಯ್ದೆಯಿಂದ ಕುಲಕರ್ಣಿ ವತನ ರದ್ದಾತು. ದಫ್ತರ ಸರಕಾರಕ್ಕ ಹೋತು, ಡೆಸ್ಕು ಮೂಲಿಗೆ ಬಿತ್ತು. ನಾಲ್ಕನೇ ಇಯತ್ತೆ ಕಲತಿದ್ದ ನಮ್ಮ ಅತ್ತಿಯವರು ಅವಾಗ ಅದನ್ನ ಅಡಗಿ ಮನಿ ಬಾಜೂಕ ಎಳಕೊಂಡ್ರು. ಹಾಲಿನ ಲೆಕ್ಕಾ, ಅಗಸರ ಲೆಕ್ಕಾ, ತವರಮನಿಗೆ ಕಾಗದ ಎಲ್ಲಾ ಅದರ ಮ್ಯಾಲೇನ. ಮಸಿಗುಳಿಗಿ ತರಿಸಿ ನೀರಾಗ ಕರಗಿಸಿ ಬರೀತಿದ್ರಂತ, ಅದು ಸಾಲದಾದಾಗ ಸಮೆ ಕಾಡಿಗಿ. ನಾ ಕಿತ್ತಿ ಒಗದದ್ದು ಅವರು ತಮ್ಮ ಹಳೇ ಇಳಕಲ್ಲ ಸೀರಿ ಸೆರಗು ಹರದು ತುಂಬಿದ ಅರಿವಿ. ಅದಕ್ಕ ಯಾವ ಬಜಾರದಾಗ ಏನು ಕಿಮ್ಮತ್ತು ಕಟ್ಟತಾರ ಹೇಳ್ರಿ.

ಹಂಗಂತ ಕೊಳ್ಳೋದ ಬ್ಯಾಡ ಅನ್ನೂದಿಲ್ಲ. ಕೊಳ್ಳಾವರು ಕಣ್ಣು ಬಿಟಗೊಂಡು ಕೊಳ್ರಿ. ಲೋಹಚುಂಬಕ ಒಯ್ಯರಿ. ಅಂಟಿಕೊಂಡ್ರ ಅದು ಕಬ್ಬಿಣದ ಮ್ಯಾಲೆ ಹಿತ್ತಾಳಿ ಬಣ್ಣ. ಮುಚ್ಚಳದ ಬಿಜಾಗರಿ ಸವದಿರಬೇಕು, ಕೈ ಹತ್ತೋ ಜಾಗಾ ನುಣ್ಣಗಿರಬೇಕು. ಮೂಲಿ ಮೂಲಿಗೂ ಒಂದೇ ಥರಾ ಕರ್ರಗಿದ್ರ ಬೇಕಂತ ಕರ್ರಗ ಮಾಡ್ಯಾರ ಅಂತ ಸಂಶೇ ಪಡ್ರಿ. ವಿಲಾಯತಿ ಹಿತ್ತಾಳಿ ದೌತಿ ಒಳಗ ಗಾಜಿಂದೋ ಪಿಂಗಾಣಿದೋ ಬಟ್ಟಲಾ ಇರ್ತದ. ಕಬ್ಬಿಣದಂಶ ಹಾಕಿ ಮಾಡಿದ ಮಸಿ ಲೋಹಾ ತಿಂತದ, ಅದಕ್ಕ ಆ ಬಟ್ಟಲಾ. ಅದು ಕಳದಿದ್ರ ದೌತಿ ಅರ್ಧಾನ ಅಂತ ತಿಳೀರಿ. ಬೀದರಿನ ಬಿದ್ರಿ ಕೆಲಸದ ಕಲಮದಾನಿ ಯಾರ ಮನ್ಯಾಗರ ಇದ್ರಂತೂ ಹುಣಸಿಹಣ್ಣಿನ ಕೈ ಅದರ ಹತ್ರ ಒಯ್ಯಬ್ಯಾಡ್ರಿ. ಬೀದರ ಕೋಟಿ ಮಣ್ಣಿನಿಂದ ಬಂದ ಕರೀ ಬಣ್ಣ ಅದು, ಹೋದ್ರ ಹೋತು. ಮೆತ್ತನ್ನ ಅರಿವಿಲೆ ಒರಸ್ರಿ, ಸಾಕು.

ಬ್ಲಾಟರಿಂದ ಹೇಳೋದ ಮರತೆ. ಅರ್ಧಚಂದ್ರದ ಕಟ್ಟಿಗಿ, ತಳಕ್ಕ ಒತ್ತುಕಾಗದ. ತೊಟ್ಟಿಲಾ ತೂಗಿಧಂಗ ಆ ಕಡೆ ಈ ಕಡೆ ತೂಗಿದ್ರ ಹಸೀ ಮಸಿ ಹೀರ್ಕೋತದ. ನಮ್ಮದರ ಕಾಗದದ ಮ್ಯಾಲೆ ಅಕ್ಷರ ಉಲ್ಟಾ ಮೂಡ್ಯಾವ. ಕನ್ನಡಿ ಹಿಡದು ನೋಡಿದೆ. "ಚಿ. ಸೌ." ಅಂತ ಎರಡು ಸರ್ತೆ ಕಂಡ್ತು, ಕೆಳಗ ಒಂದು "ಕ್ಷೇಮ". ಅತ್ತಿಯವರ ಅಕ್ಷರನ, ಆ "ಕ್ಷ" ಬ್ಯಾರೆ ಯಾರೂ ಹಂಗ ಬರಿಯೂದಿಲ್ಲ. ಹಿತ್ತಾಳಿ ಅಷ್ಟ ಕೊಡ್ರಿ ಅಂದ ಆ ಮನಷ್ಯಾ ಇದನ್ನ ತಿರಗಿಸಿನೂ ನೋಡಿದ್ದಿಲ್ಲ.

ಹಿಂಗಾಗಿ ನನ್ನ ಪಾಲಿನ ತಾಮ್ರದ ಹಂಡೆ ನೆಗೆಣ್ಣಿಗೆ ಬಿಟ್ಟುಕೊಟ್ಟು ಡೆಸ್ಕು ಇದ್ದದ್ದು ಇದ್ಧಂಗ ಮನಿಗೆ ತಂದೀನಿ. ನಮ್ಮನಿಯವರು, "ಹಂಡೆ ಎಲ್ಲೆ, ಈ ಕಟ್ಟಿಗಿ ಎಲ್ಲೆ" ಅಂತ ಎರಡು ದಿವಸ ಗೊಣಗಿದ್ರು. ಮಾರೋದ ಬಂದ್ರೂ ಪೂರಾ ಒಂದೇ ಕಡೆ ಕೊಡತೀನಿ, ಯಾರದು ಅಂತ ಚೀಟಿ ಬರದು ಒಳಗಿಟ್ಟು. ಖಾನದ ಬೀಗದ ಕೈ ಮಾತ್ರ ಸಿಕ್ಕಿಲ್ಲ. ಸಣ್ಣದು, ಕೆಂಪು ದಾರಾ ಕಟ್ಟೇದ. ನಿಮ್ಮ ಪಾಲಿಗೆ ಬಂದ ಡಬ್ಬಿಯೊಳಗರ ಹೋಗಿದ್ರ ಕಳಿಸಿಕೊಡ್ರಿ.