ಅಕ್ಷತೆ ಬಿದ್ದ ಕೂಡಲೇ ಮುಖ ಮಾಯ!

ಮದುವೆ ವೀಡಿಯೋ ನೋಡಿರ್ತೀರಲ್ಲ? ಗಟ್ಟಿಮೇಳ ಶುರುವಾಗತ್ತೆ, ಎಲ್ಲರೂ ಅಕ್ಷತೆ ಎಸೀತಾರೆ, ಅಷ್ಟೇ.. ಗಂಡು-ಹೆಣ್ಣು ಇಬ್ಬರ ಮುಖವೂ ಚೌಕ ಚೌಕ. ಸ್ಟುಡಿಯೋದವರನ್ನ ಕೇಳಿ, ಉತ್ತರ ಸಿದ್ಧವಾಗಿರತ್ತೆ: "ಕ್ಯಾಮೆರಾ ಅಷ್ಟೇ ಸಾರ್." ಸುಳ್ಳು ಸ್ವಾಮಿ!

ಟಿ. ನರಸೀಪುರದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ ಆಯ್ತು. ಶೂಟ್ ಮಾಡಿದ್ದು 4ಕೆ, ಸೆಕೆಂಡಿಗೆ 100 ಮೆಗಾಬಿಟ್. ಕೈಗೆ ಬಂದ ಫೈಲೂ ಹೆಸರಿಗೆ 4ಕೆ, ಒಳಗಿದ್ದದ್ದು ಬರೀ 6 ಮೆಗಾಬಿಟ್. ಅಂಗಡಿಗೇ ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ 'ಯೂಸ್ ಪ್ರಿವ್ಯೂಸ್' ಅಂತ ಒಂದು ಟಿಕ್. "ಬೇಗ ಆಗತ್ತೆ ಸಾರ್" ಅಂದ್ರು.

ಬೇಗ ಆಗೋದೇನೋ ನಿಜ. ಕ್ಯಾಮೆರಾ ಕೊಡೋ ಎಚ್.264 ಫೈಲಲ್ಲಿ ಬಹಳಷ್ಟು ಫ್ರೇಮುಗಳು ಪೂರ್ತಿ ಚಿತ್ರವಲ್ಲ, ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯ್ತು ಅನ್ನೋ ಲೆಕ್ಕ ಮಾತ್ರ. ಅದನ್ನ ಬಿಡಿಸಿ, ಮೇಲೆ ಎಫೆಕ್ಟ್ ಹಾಕಿ ತೋರಿಸೋಕೆ ಕಂಪ್ಯೂಟರ್ ಏದುಸಿರು ಬಿಡತ್ತೆ. ಅದಕ್ಕೇ ಸಾಫ್ಟ್‌ವೇರು ಎಡಿಟ್ ಮಾಡೋರ ಅನುಕೂಲಕ್ಕೆ ಪ್ರಿವ್ಯೂ ಫೈಲು ಮಾಡಿಕೊಡತ್ತೆ. ಪ್ರೋರೆಸ್ ತರದ ಒಳ್ಳೆ ಕೋಡೆಕ್‌ನಲ್ಲಿ, ಪೂರ್ತಿ ಅಳತೆಯಲ್ಲಿ ಮಾಡಿದ್ದರೆ ಅದನ್ನೇ ಬಳಸಿದರೂ ನಷ್ಟವಿಲ್ಲ. ಇವರದ್ದು 1280x720 ಅಳತೆಯ ಎಂಪೆಗ್! ಆ ಕರಡನ್ನೇ 4ಕೆಗೆ ಹಿಗ್ಗಿಸಿ, ಮತ್ತೊಮ್ಮೆ ಹಿಂಡಿ ಕೊಟ್ಟಿದ್ದಾರೆ. ಒಂದು ಸಲ ಡಿಕಾಕ್ಷನ್ ಇಳಿಸಿದ ಪುಡಿಗೆ ಮತ್ತೆ ನೀರು ಹಾಕಿ ಸ್ಟ್ರಾಂಗ್ ಕಾಫಿ ಅಂದ ಹಾಗೆ :)

ಅಕ್ಷತೆ ಹೊತ್ತಲ್ಲೇ ಯಾಕೆ ಕೆಡತ್ತೆ? ಸುಮ್ಮನೆ ನಿಂತ ಮಂಟಪಕ್ಕೆ ಹೆಚ್ಚು ಬಿಟ್ ಬೇಡ. ಸಾವಿರ ಕಾಳು ಒಟ್ಟಿಗೆ ಹಾರಿದರೆ ಫ್ರೇಮ್ ಪೂರ್ತಿ ಹೊಸತು. ಇರೋ 6 ಮೆಗಾಬಿಟ್‌ನಲ್ಲಿ ಕಾಳಿಗೆ ಕೊಡಬೇಕೋ ಮುಖಕ್ಕೋ? ಎರಡೂ ಮಸುಕು. 2025ರ ಫೆಬ್ರವರಿಯಲ್ಲಿ ನರಸೀಪುರದ ಕುಂಭಮೇಳ ಆಯ್ತಲ್ಲ, ಸಂಗಮದಲ್ಲಿ ಮಿಂಚೋ ನೀರಿಗೂ ಇದೇ ಗತಿ. ನಂಜನಗೂಡು ದೊಡ್ಡಜಾತ್ರೇಲಿ ತೇರಿಗೆ ಹಣ್ಣು-ಜವನ ಎಸೆಯೋ ಜನಸಾಗರಕ್ಕೂ ಅಷ್ಟೇ. ಯಾವುದನ್ನ ನೋಡೋಕೆ ವೀಡಿಯೋ ಮಾಡಿಸ್ತೀವೋ ಅಲ್ಲೇ ಹೊಡೆತ.

ಮಂಟಪದ ಪಕ್ಕ ಅಕ್ಷತೆ ಹಿಡಿದು ನಮ್ಮ ತಾತ ನಿಂತಿದ್ದರು. ಮುಂದಿನ ವರ್ಷ ಅವರು ಹೋಗಿಬಿಟ್ರು. ಒಂದು ಫ್ರೇಮ್ ತೆಗೆದು ಫೋಟೋ ಹಾಕಿಸೋಣ ಅಂದ್ರೆ ಮೂಗು ಯಾವುದು ಮೀಸೆ ಯಾವುದು ಗೊತ್ತಾಗಲ್ಲ. ಒರಿಜಿನಲ್ ಕೇಳಿದ್ರೆ, "ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ವಿ ಸಾರ್."

ಅವರ ಕಷ್ಟ ನನಗೂ ಗೊತ್ತು. 100 ಮೆಗಾಬಿಟ್ ಅಂದ್ರೆ ಗಂಟೆಗೆ 45 ಜಿಬಿ, ನಾಲ್ಕು ಗಂಟೆ ಮದುವೆಗೆ 180. ಲಗ್ನದ ಸೀಸನ್‌ನಲ್ಲಿ ಎಲ್ಲ ಇಟ್ಕೊಳ್ಳೋಕೆ ಆಗಲ್ಲ, ಒಪ್ಪಿದೆ. ಅಳಿಸೋ ಮುಂಚೆ ಒಂದು ಫೋನ್ ಮಾಡೋಕೇನು ಧಾಡಿ? ಹೂವಿನ ಮಂಟಪಕ್ಕೆ ಅಷ್ಟು ಸುರಿಯೋರು ಒಂದು ಹಾರ್ಡ್‌ಡಿಸ್ಕ್ ತಂದುಕೊಡಲ್ವಾ? ಡಿವಿ ಟೇಪಿನ ಕಾಲದಲ್ಲಿ ಡಿವಿಡಿ ಎಷ್ಟೇ ಕೆಟ್ಟದಾಗಿದ್ದರೂ ಟೇಪು ಕೇಳಿ ಪಡೆದವರ ಬೀರುವಿನಲ್ಲಿ ಸೆಕೆಂಡಿಗೆ 25 ಮೆಗಾಬಿಟ್‌ನ ಮೂಲ ಉಳೀತಿತ್ತು. ಈಗ ಅದೂ ಇಲ್ಲ.

"ಎಲ್ಲಾ ವಾಟ್ಸಾಪಲ್ಲೇ ನೋಡೋದು, ಯಾರಿಗೆ ಕಾಣತ್ತೆ?" ಅನ್ನೋ ವಾದ ಬೇರೆ. ವಾಟ್ಸಾಪಿಗೆ ಚಿಕ್ಕದು ಮಾಡಿ ಕೊಡಿ, ಯಾರು ಬೇಡ ಅಂದ್ರು? ಅದು ನಕಲು. ದುಡ್ಡು ಕೊಟ್ಟಿರೋದು ಅಸಲಿಗೆ.

ನನ್ನ ತಮ್ಮನ ಮದುವೆ ನಂಜನಗೂಡಲ್ಲೇ. ಅಡ್ವಾನ್ಸ್ ಕೊಡೋ ಮುಂಚೆ ಬಿಲ್ಲಿನ ಮೇಲೆ ಬರೆಸ್ತೀನಿ: ಪ್ರಿವ್ಯೂ ಟಿಕ್ ತೆಗೆದು ರೆಂಡರ್ ಮಾಡಬೇಕು, ಕಾರ್ಡಿನ ಫೈಲೆಲ್ಲ ನಮ್ಮ ಡಿಸ್ಕಿಗೆ ಕಾಪಿ ಆದ ಮೇಲೇ ಫಾರ್ಮ್ಯಾಟು. ಆಗಲ್ಲ ಅಂದ್ರೆ ಬೇರೆ ಸ್ಟುಡಿಯೋ ನೋಡ್ಕೋತೀನಿ.