ಶಾಲು ಸಾಕು, ಕಸುಬು ಕಲಿಸೋಣ

ಸಮ್ಮೇಳನ ಬಂತೆಂದರೆ ನಮ್ಮ ಗಡಿನಾಡಿಗೆ ಹಬ್ಬ. ಮೆರವಣಿಗೆ, ಉದ್ಘಾಟನೆ, ಕವಿಗೋಷ್ಠಿ, ಸನ್ಮಾನ, ನಿರ್ಣಯಗಳ ಮಂಡನೆ. ಇವುಗಳಲ್ಲಿ ಯಾವುದನ್ನೂ ನಾವು ಹಗುರವಾಗಿ ಕಾಣುವವರಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಉಸಿರಾಡುತ್ತಿದ್ದರೆ ಅದಕ್ಕೆ ಇಂಥ ಕೂಟಗಳೂ ಕಾರಣ. ಆದರೂ ಈ ಸ್ಮರಣ ಸಂಚಿಕೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ನಮ್ಮ ವೇದಿಕೆಯಲ್ಲಿ ಕವನ ಓದಿ, ಶಾಲು ಹೊದ್ದು, ಚಪ್ಪಾಳೆ ಪಡೆದ ಹುಡುಗಿ ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾಳೆ?

ಮಂಗಳೂರಿನ ಬಸ್ಸು ಹತ್ತಿ ಯಾವುದೋ ಅಂಗಡಿಯ ಲೆಕ್ಕ ಬರೆಯಲು ಹೋಗುತ್ತಾಳೆ. ಅವಳಿಗೆ ಬರೆಯಲು ಬರುತ್ತದೆ ಎಂದು ನಾವೆಲ್ಲ ಹೊಗಳಿದೆವು. ಬರೆದು ಬದುಕಬಹುದು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹೇಳದಂತೆ ನಮ್ಮ ಬಾಯಿ ಕಟ್ಟಿರುವುದು ಎರಡು ಮೂಢನಂಬಿಕೆಗಳು.

ಬರವಣಿಗೆ ಹುಟ್ಟಿನಿಂದ ಬರಬೇಕು, ಕಲಿಸಿ ಬರುವುದಲ್ಲ ಎಂಬುದು ಮೊದಲನೆಯದು. ಇದು ಪಾರ್ತಿಸುಬ್ಬನ ನಾಡು, ಶೇಣಿ ಗೋಪಾಲಕೃಷ್ಣ ಭಟ್ಟರ ನಾಡು. ಚೆಂಡೆ ಹಿಡಿಯಲು ಗುರು ಬೇಕು, ಭಾಗವತಿಕೆಗೆ ಗುರು ಬೇಕು, ತಾಳಮದ್ದಳೆಯಲ್ಲಿ ಅರ್ಥ ಹೇಳಲು ಹತ್ತಾರು ವರ್ಷ ಹಿರಿಯರ ಪಕ್ಕದಲ್ಲಿ ಕುಳಿತು ಕಿವಿಗೊಡಬೇಕು ಎಂದು ನಾವು ಒಪ್ಪುತ್ತೇವೆ. ಲೇಖನಿಗೆ ಮಾತ್ರ ಗುರು ಬೇಡವೇ? ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಏನನ್ನು ಹೇಳುವ ಗ್ರಂಥ? ಹೇಗೆ ಬರೆಯಬೇಕು, ಎಲ್ಲಿ ತಪ್ಪುತ್ತೇವೆ ಎಂಬುದನ್ನು ಬರೆಯುವವರಿಗೆ ತಿಳಿಸುವ ಗ್ರಂಥ. ಬರವಣಿಗೆಯ ಪಾಠದಿಂದಲೇ ಸಾಹಿತ್ಯಚರಿತ್ರೆ ತೆರೆದುಕೊಳ್ಳುವ ಭಾಷೆಯವರು ನಾವು. ಅದನ್ನು ಕಲಿಸಲಾಗದು ಎನ್ನುವ ಬಾಯಿ ನಮ್ಮದಾಗಬಾರದು.

ಹಣಕ್ಕೆ ಬರೆದರೆ ಸರಸ್ವತಿಗೆ ಅಪಚಾರ ಎಂಬುದು ಎರಡನೆಯದು. ಆದಿಕವಿ ಪಂಪನಿಗೆ ಅರಿಕೇಸರಿ ಧರ್ಮಪುರವೆಂಬ ಅಗ್ರಹಾರವನ್ನೇ ಕೊಟ್ಟ. ಅನಕೃ ಬರವಣಿಗೆಯನ್ನೇ ವೃತ್ತಿಯಾಗಿ ಹಿಡಿದರು. ಅಪಚಾರ ಎಲ್ಲಿದೆ ಎಂದು ಹುಡುಕುವುದಾದರೆ ನಮ್ಮ ಲೆಕ್ಕದ ಪುಸ್ತಕವನ್ನೇ ತೆರೆಯೋಣ. ಚಪ್ಪರದವರಿಗೆ, ಧ್ವನಿವರ್ಧಕದವರಿಗೆ, ಅಡುಗೆಯವರಿಗೆ, ಮುದ್ರಣಾಲಯಕ್ಕೆ ಸಂಘ ಹಣ ಕೊಡುತ್ತದೆ. ಈ ಸಂಚಿಕೆಗೆ ಬರೆದವರಿಗೆ ಒಂದು ಪ್ರತಿ ಕೊಟ್ಟು ಕೈಮುಗಿಯುತ್ತದೆ. ಬರಹಕ್ಕೆ ಬೆಲೆಯಿಲ್ಲ ಎಂಬ ಪಾಠವನ್ನು ಮಕ್ಕಳಿಗೆ ಮೊದಲು ಕಲಿಸಿದವರು ನಾವೇ.

ಕೆಲಸವಾದರೂ ಎಲ್ಲಿದೆ ಎಂದು ಕೇಳುವವರಿದ್ದಾರೆ. ಕವನ ಸಂಕಲನ ಹೊಟ್ಟೆ ತುಂಬಿಸದು, ಒಪ್ಪಿದೆವು. ಆದರೆ ವಾರಕ್ಕೆ ಐದಾರು ಕಂತು ಬೇಡುವ ದೈನಿಕ ಧಾರಾವಾಹಿಗೆ ಕಥೆಗೊಬ್ಬರು, ಚಿತ್ರಕಥೆಗೊಬ್ಬರು, ಸಂಭಾಷಣೆಗೊಬ್ಬರು ಬೇಕು. ಜಾಹೀರಾತಿಗೆ, ಧ್ವನಿಪುಸ್ತಕಕ್ಕೆ, ಅಡಿಬರಹಕ್ಕೆ, ಅನುವಾದಕ್ಕೆ ಜನ ಬೇಕು. ಕನ್ನಡದಲ್ಲಿ ಡಬ್ಬಿಂಗ್ ತಡೆದವರ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪಿತ್ತ ಮೇಲೆ ಮಲಯಾಳ, ತಮಿಳು, ತೆಲುಗಿನ ಚಿತ್ರಗಳು ಕನ್ನಡದ ಮಾತು ತೊಟ್ಟು ಬರತೊಡಗಿವೆ. ಅವುಗಳಲ್ಲಿ ಎಷ್ಟೋ ಮಾತುಗಳನ್ನು ಕೇಳಿ ನಾವು ಮನೆಯಲ್ಲೇ ಕುಳಿತು ನಕ್ಕಿದ್ದೇವೆ. ನಗುವುದು ಸುಲಭ. ಆ ಕೆಲಸದ ಕಷ್ಟ ಬೇರೆ. ನಟನ ತುಟಿ ಮುಚ್ಚುವಲ್ಲಿ ಪ, ಬ, ಮಗಳಂಥ ಅಕ್ಷರ ಬೀಳಬೇಕು. ಅವನ ಬಾಯಿ ನಿಂತಾಗ ನಮ್ಮ ವಾಕ್ಯವೂ ನಿಲ್ಲಬೇಕು. ಅಷ್ಟರೊಳಗೆ ಅರ್ಥವೂ ಆ ಪಾತ್ರದ ಸ್ವಭಾವವೂ ಉಳಿಯಬೇಕು. ಮನೆಯಲ್ಲಿ ಕನ್ನಡ ಅಥವಾ ತುಳು, ಪೇಟೆಯಲ್ಲಿ ಮಲಯಾಳ ಆಡುತ್ತ ಬೆಳೆದ ನಮ್ಮ ಮಕ್ಕಳಿಗಿಂತ ಇದಕ್ಕೆ ತಕ್ಕವರು ಯಾರು? ನಾವು ಕೊರತೆಯೆಂದು ಅತ್ತ ಗಡಿಯೇ ಅವರ ಬಂಡವಾಳ. ಅದನ್ನು ಕಸುಬಾಗಿ ತಿದ್ದುವವರಿಲ್ಲ, ಅಷ್ಟೇ.

ತಿದ್ದುವುದೆಂದರೆ ಬರೆಯಿಸುವುದಷ್ಟೇ ಅಲ್ಲ. ನಮ್ಮೂರಿನ ಯುವಕನೊಬ್ಬ ಹಾಡು ಬರೆದುಕೊಟ್ಟ, ತೋರಿಸಿದಲ್ಲಿ ಸಹಿ ಹಾಕಿದ. ಹಾಡು ಊರೆಲ್ಲ ಕೇಳಿಸಿತು, ಅವನ ಹೆಸರು ಎಲ್ಲಿಯೂ ಕಾಣಿಸಲಿಲ್ಲ. ಸಹಿ ಹಾಕುವ ಮುನ್ನ ಓದಬೇಕೆಂದು ಅವನಿಗೆ ಹೇಳಿದವರಿರಲಿಲ್ಲ. ಕೃತಿಸ್ವಾಮ್ಯದ ಹಸ್ತಾಂತರ ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕಷ್ಟೇ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ. 2012ರ ತಿದ್ದುಪಡಿಯಂತೆ, ಚಿತ್ರದಲ್ಲಿ ಸೇರಿದ ಗೀತೆ ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದ ಸಮಪಾಲನ್ನು ಗೀತಕಾರ ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ. ಛಂದಸ್ಸಿನ ಜೊತೆಗೆ ಇದೂ ಪಾಠವಾಗಬೇಕು.

ಯಂತ್ರವೇ ಅನುವಾದಿಸುವ ಕಾಲದಲ್ಲಿ ಇದೆಲ್ಲ ಏಕೆ ಎಂಬ ಆಕ್ಷೇಪವೂ ಉಂಟು. ಒರಟು ಕೆಲಸವನ್ನು ಯಂತ್ರ ಮಾಡೀತು. ಹಾಗೆಂದೇ ಅರೆಬರೆ ಬಲ್ಲವರಿಗೆ ಉಳಿಗಾಲವಿಲ್ಲ, ಚೆನ್ನಾಗಿ ಕಲಿತವರಿಗೆ ಉಂಟು. ಇದು ತರಬೇತಿಯ ಪರವಾದ ವಾದವೇ ಹೊರತು ವಿರುದ್ಧವಾದುದಲ್ಲ. ಇನ್ನು ನಗರಗಳಲ್ಲಿ ದುಬಾರಿ ಶುಲ್ಕ ಪಡೆದು, ವಾರಾಂತ್ಯದ ಪಾಠ ಹೇಳಿ, ಪ್ರಮಾಣಪತ್ರ ಹಂಚುವವರೂ ಇದ್ದಾರೆ. ಪತ್ರ ಹಂಚಿದರೆ ಕಸುಬು ಬಾರದು. ಬರೆದದ್ದನ್ನು ಹತ್ತು ಸಲ ತಿದ್ದಿ, ಮತ್ತೆ ಬರೆಯಿಸಿದರೆ ಬಂದೀತು.

ಇದು ನಮ್ಮ ಅಳವಿಗೆ ಮೀರಿದ್ದು ಎನ್ನಬೇಡಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು. ನಾವು ಕೇಳುವುದು ಅದಕ್ಕಿಂತ ಎಷ್ಟೋ ಸಣ್ಣದು. ಒಂದು, ಸಂಘದ ಕಟ್ಟಡದಲ್ಲಿ ವರ್ಷವಿಡೀ ತಿಂಗಳಿಗೆರಡು ಭಾನುವಾರ ಬರವಣಿಗೆಯ ಕಮ್ಮಟ ನಡೆಯಲಿ. ಈ ವೃತ್ತಿಯಲ್ಲಿ ದುಡಿದವರು ಬಂದು ಕಲಿಸಲಿ, ಅವರಿಗೆ ಸಂಭಾವನೆ ಸಲ್ಲಲಿ. ಎರಡು, ಒಪ್ಪಂದಪತ್ರ ಓದಿ ಹೇಳಲು ನಮ್ಮಲ್ಲಿರುವ ವಕೀಲ ಸದಸ್ಯರು ಮುಂದೆ ಬರಲಿ. ಮೂರು, ಮುಂದಿನ ಸಂಚಿಕೆಯ ಪ್ರತಿಯೊಬ್ಬ ಬರಹಗಾರರಿಗೂ, ಅಲ್ಪವಾದರೂ ಸರಿ, ಸಂಭಾವನೆ ಕೊಡೋಣ. ಹಣವೆಲ್ಲಿ ಎಂದರೆ, ಶಾಲು, ಹಾರ, ಫಲಕಗಳ ಖರ್ಚಿನತ್ತ ಒಮ್ಮೆ ನೋಡೋಣ.

“ಕನ್ನಡ ಕಲಿತು ಮಗು ಏನು ಮಾಡಬೇಕು?” ಶಾಲೆಗೆ ಸೇರಿಸುವ ತಿಂಗಳಲ್ಲಿ ತಂದೆತಾಯಿಯರು ನಮ್ಮನ್ನು ಕೇಳುತ್ತಾರೆ. ನಾವು ಅಭಿಮಾನದ ಮಾತಾಡುತ್ತೇವೆ. ಅವರು ಅನ್ನದ ಮಾತಾಡುತ್ತಾರೆ. ಮಾಸ್ತರಿಕೆಯೊಂದನ್ನು ಬಿಟ್ಟು ಬೇರೆ ಉತ್ತರ ನಮ್ಮಲ್ಲಿ ಇದುವರೆಗೆ ಇರಲಿಲ್ಲ. ಕನ್ನಡದಿಂದಲೇ ದುಡಿದು ಮನೆ ನಡೆಸುವ ಹತ್ತು ಮಂದಿಯನ್ನು ಊರಿನ ಮುಂದೆ ನಿಲ್ಲಿಸಿದರೆ, ಆ ಉತ್ತರ ಯಾವ ನಿರ್ಣಯಕ್ಕಿಂತಲೂ ಗಟ್ಟಿಯಾಗಿರುತ್ತದೆ.